ಮಡಕೆಯ ಮೇಲೊಂದು ಹೆಸರು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಪರೀಕ್ಷೆಯಲ್ಲಿ ಕೇಳಿದರೆ ನಿಮ್ಮಲ್ಲಿ ಅರ್ಧ ಜನ ಇದನ್ನೇ ಆರಿಸಿಕೊಳ್ಳುತ್ತೀರಿ. ಮಾಡುವುದು ಕಷ್ಟ, ಕೆಡಿಸುವುದು ಸುಲಭ ಎಂದು ಬರೆದು ಅಂಕ ಗಳಿಸುತ್ತೀರಿ. ನಾನೂ ಬಹಳ ವರ್ಷ ಹಾಗೆಯೇ ಪಾಠ ಹೇಳಿದೆ. ಆದರೆ ಒಡೆದ ಮೇಲೂ ಮಡಕೆಗೆ ಆಯುಸ್ಸು ಉಂಟೆಂಬುದು ನನಗೆ ತಿಳಿದದ್ದು ಈಚೆಗೆ. ಅದು ತಿಳಿಯುವ ಮೊದಲು ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

2023ರ ಮಾರ್ಚ್ ತಿಂಗಳು. ಬಿಸಿಲು ಏರುತ್ತಿದೆಯೆಂದು ನಮ್ಮ ಶಾಲೆಯ ಜಗಲಿಯಲ್ಲಿ ಮರಳು ಹಾಸಿ, ಹೊಸ ಮಡಕೆಯೊಂದನ್ನು ತಂದಿಟ್ಟು ಕುಡಿಯುವ ನೀರು ತುಂಬಿಸಿದ್ದೆವು. ಮೂರೇ ದಿನದಲ್ಲಿ ಆ ಮಡಕೆಯ ಹೆಗಲಿನ ಮೇಲೆ, ಕೊರಳಿನ ಕೆಳಗೆ, ಯಾರೋ ಕೈವಾರದ ಮೊನೆಯಿಂದ ಮೂರು ಕನ್ನಡ ಅಕ್ಷರಗಳನ್ನು ಗೀರಿದ್ದರು. ಅದು ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಹೆಸರು. ಕಳ್ಳ ತನ್ನ ಹೆಸರನ್ನು ತಾನೇ ಬರೆದಿಟ್ಟಿದ್ದನಾದ್ದರಿಂದ ಹುಡುಕುವ ಕೆಲಸ ಉಳಿಯಲಿಲ್ಲ. ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, "ಶಾಲೆಯ ಸೊತ್ತು ನಿಮ್ಮಪ್ಪ ಕೊಡಿಸಿದ್ದೇನೋ?" ಎಂದು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಒಂದು ಪಾಠದ ಹೊತ್ತು ಹೊರಗೆ ನಿಲ್ಲಿಸಿದೆ. ಏಕೆ ಬರೆದೆಯೆಂದು ಮಾತ್ರ ಕೇಳಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವನ ತಂದೆ ಬಂದು ವರ್ಗಾವಣೆ ಪತ್ರ ಕೇಳಿದರು. ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆಯ ಕೆಲಸ ಸಿಕ್ಕಿದೆ, ಸಂಸಾರವೆಲ್ಲ ಅಲ್ಲಿಗೇ ಎಂದರು. ಮಾರ್ಚಿನಲ್ಲಿಯೇ ಈ ಮಾತು ಮನೆಯಲ್ಲಿ ಗೊತ್ತಾಗಿತ್ತಂತೆ. ಅಲ್ಲಿ ಕನ್ನಡ ಮಾಧ್ಯಮ ಸಿಕ್ಕುವ ಹಾಗಿರಲಿಲ್ಲ. ನಾನು ಪತ್ರದಲ್ಲಿ ಅವನ ಹೆಸರನ್ನು ತುಂಬಿ, ಒಂದು ಸಲ ಓದಿ, ಕೊಟ್ಟು ಕಳಿಸಿದೆ. ಆಗಲೂ ಮಡಕೆಯ ನೆನಪು ನನಗೆ ಬರಲಿಲ್ಲ.

ನೆನಪು ಬಂದದ್ದು ಏಳು ತಿಂಗಳ ಮೇಲೆ, ನಾನೂರು ಕಿಲೋಮೀಟರು ದೂರದಲ್ಲಿ. 2024ರ ಜನವರಿಯಲ್ಲಿ ನಾವು ವಿದ್ಯಾರ್ಥಿಗಳನ್ನು ಮಧುರೆಗೆ ಪ್ರವಾಸ ಕರೆದುಕೊಂಡು ಹೋದೆವು. ಮೀನಾಕ್ಷಿಯ ದರ್ಶನವಾಯಿತು, ತಿರುಮಲನಾಯಕನ ಅರಮನೆಯಾಯಿತು. ಮರಳುವ ದಿನ ಕೀಳಡಿಗೆ ಹೋದೆವು. ಅದು ಮಧುರೆಯಿಂದ ಆಗ್ನೇಯಕ್ಕೆ ಸುಮಾರು 12 ಕಿಲೋಮೀಟರು ದೂರದಲ್ಲಿ, ವೈಗೈ ನದಿಯ ಬಯಲಿನಲ್ಲಿರುವ ಹಳ್ಳಿ. ಸೇರಿರುವುದು ಶಿವಗಂಗೆ ಜಿಲ್ಲೆಗೆ. ಅಲ್ಲಿಯ ತೆಂಗಿನ ತೋಪುಗಳ ನಡುವೆ 2015ರಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಉತ್ಖನನ ಆರಂಭಿಸಿದರು. ಮುಂದೆ ತಮಿಳುನಾಡು ಸರ್ಕಾರದ ಪುರಾತತ್ವ ಇಲಾಖೆ ಅದನ್ನು ಮುಂದುವರಿಸಿತು. ಇಟ್ಟಿಗೆಯ ಗೋಡೆಗಳು, ಸುಟ್ಟ ಮಣ್ಣಿನ ಬಳೆಗಳನ್ನು ಜೋಡಿಸಿ ಕಟ್ಟಿದ ಬಾವಿಗಳು, ನೂಲುವ ಕದಿರಿನ ಬಿಲ್ಲೆಗಳು, ಮಣಿಗಳು, ಕುಂಟಾಬಿಲ್ಲೆ ಆಡುವ ಬೋಕಿಗಳು ಎಲ್ಲವೂ ಹೊರಬಂದವು. 2023ರ ಮಾರ್ಚ್ 5ರಂದು ಇವುಗಳಿಗಾಗಿಯೇ ಒಂದು ಒಳ್ಳೆಯ ವಸ್ತು ಸಂಗ್ರಹಾಲಯ ಅಲ್ಲಿ ತೆರೆಯಿತು.

ಆ ಸಂಗ್ರಹಾಲಯದಲ್ಲಿ ಮಕ್ಕಳು ಬಾವಿಯ ಬಳೆ, ದಾಳ, ಮಣಿಗಳ ಸುತ್ತ ಮುತ್ತಿಕೊಂಡರು. ನಾನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ. ಅದರೊಳಗೆ ಇದ್ದದ್ದು ಬಂಗಾರವಲ್ಲ, ವಿಗ್ರಹವಲ್ಲ. ಅಂಗೈ ಅಗಲದ ಮಡಕೆಯ ಚೂರುಗಳು. ಒಂದೊಂದರ ಮೇಲೂ ನಾಲ್ಕೈದು ಗೀರು. ಆ ಗೀರುಗಳು ಅಕ್ಷರಗಳು. ಆ ಅಕ್ಷರಗಳು ಹೆಸರುಗಳು. ತಮಿಳಿನ ವಿವರಣೆಯನ್ನು ನಾನು ಓದಿ ಹೇಳುತ್ತ ಹೋದೆ. ಒಂದರಲ್ಲಿ ಆದನ್ ಎಂದಿದೆ. ಇನ್ನೊಂದರಲ್ಲಿ ಕುವಿರನ್ ಎಂಬ ಹೆಸರು ಅದರ ಜೊತೆಗಿದೆ. ಬರಹದ ಲೆಕ್ಕದಲ್ಲಿ ಆ ಮೊದಲನೆಯ ಹೆಸರನ್ನು ಕನ್ನಡದಲ್ಲಿ 'ಆತನ್' ಎಂದೂ ಬರೆಯಬಹುದು. ಹಾಗೆ ಹೇಳಿದಾಗ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, "ಆತ ಅಂದರೆ ಯಾವ ಆತ ಸಾರ್?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಒಬ್ಬ ಹುಡುಗ ತಲೆ ತಗ್ಗಿಸಿ ಜಗಲಿಯಲ್ಲಿ ನಿಂತಂತೆ ಆಯಿತು. ಕೊರಳಿನ ಕೆಳಗೆ, ಹೆಗಲಿನ ಮೇಲೆ, ಮೊನೆಯಾದ ವಸ್ತುವಿನಿಂದ ಗೀರಿದ ಹೆಸರು! ಜಾಗವೂ ಅದೇ, ಕೆಲಸವೂ ಅದೇ. ಒಂದನ್ನು ನೋಡಲು ಬಸ್ಸು ಮಾಡಿಕೊಂಡು ಬಂದಿದ್ದೆ. ಇನ್ನೊಂದಕ್ಕೆ ಶಿಕ್ಷೆ ಕೊಟ್ಟಿದ್ದೆ.

ಊರಿಗೆ ಬಂದ ಮೇಲೆ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ತಮಿಳುನಾಡಿನ ಸರ್ಕಾರ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕೀಳಡಿಯ ಇಂತಹ 56 ಚೂರುಗಳ ಮಾತು ಬರುತ್ತದೆ. ಇವುಗಳ ಲಿಪಿಯನ್ನು ತಮಿಳು ಬ್ರಾಹ್ಮಿ ಎನ್ನುತ್ತಾರೆ. ಎಷ್ಟು ಹಳೆಯವು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಗೆತದಲ್ಲಿ ದೊರೆತ ಇದ್ದಿಲಿನ ಪರೀಕ್ಷೆಯಿಂದ ಕ್ರಿಸ್ತಪೂರ್ವ 6ನೆಯ ಶತಮಾನದವರೆಗೂ ಹೋಗುತ್ತದೆಂದು ವರದಿ ಹೇಳುತ್ತದೆ. ಅಷ್ಟು ಹಿಂದಕ್ಕೆ ಒಪ್ಪದವರೂ ಉಂಟು. ಯಾವ ಲೆಕ್ಕ ಹಿಡಿದರೂ ಎರಡು ಸಾವಿರ ವರ್ಷದ ಹಿಂದಿನ ಮಾತು.

ಹಾಗೆ ಬರೆದವರು ಯಾರು? ಇದನ್ನು ತಿಳಿಯಲು ಒಂದು ಸುಲಭದ ಉಪಾಯವಿದೆ. ಮಡಕೆ ಹಸಿಯಾಗಿರುವಾಗ ಗೀರಿದರೆ ಮಣ್ಣು ಬೆಣ್ಣೆಯಂತೆ ಸರಿದು ಗೆರೆಯ ಅಂಚು ಉಬ್ಬುತ್ತದೆ, ಗೆರೆ ನುಣುಪಾಗಿರುತ್ತದೆ. ಸುಟ್ಟ ಮೇಲೆ ಗೀರಿದರೆ ಅಂಚು ಚಕ್ಕೆಯೇಳುತ್ತದೆ, ಗೆರೆ ತರಕಲಾಗುತ್ತದೆ. ಹಸಿಯಲ್ಲಿ ಬರೆದದ್ದು ಕುಂಬಾರನ ಮನೆಯ ಬರಹ; ಸುಟ್ಟ ಮೇಲಿನದು ಕೊಂಡವನ ಬರಹ. ಕೀಳಡಿಯ ಚೂರುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಕೈಬರಹವೂ ಒಂದರಂತೆ ಒಂದಿಲ್ಲ. ಎಂದರೆ ಒಬ್ಬ ಲಿಪಿಕಾರನನ್ನು ಕೂಡಿಸಿ ಬರೆಸಿದ್ದಲ್ಲ. ಮನೆಮನೆಯವರು ತಮ್ಮ ತಮ್ಮ ಮಡಕೆಯ ಮೇಲೆ ತಮ್ಮ ಕೈಯಿಂದಲೇ ಬರೆದುಕೊಂಡದ್ದು. ರಾಜನ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿದರೆ ಆ ರಾಜನಿಗೆ ಓದು ಬರುತ್ತಿತ್ತೆಂದು ಹೇಳಲಾಗದು. ಮಡಕೆಯ ಮೇಲಿನ ಸೊಟ್ಟ ಅಕ್ಷರ ಹಾಗಲ್ಲ. ಅಲ್ಲಿ ಒಬ್ಬ ಸಾಧಾರಣ ಮನುಷ್ಯನಿಗೆ ಬರಹ ಬರುತ್ತಿತ್ತೆಂಬುದಕ್ಕೆ ಅವನ ಕೈಯ ನಡುಕವೇ ಸಾಕ್ಷಿ.

ಏಕೆ ಬರೆದರು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಅಡಿಗೆಮನೆಗೆ ಹೋಗಿ. ಪಾತ್ರೆ ಅಂಗಡಿಯಲ್ಲಿ ಕೊಂಡಾಗ "ಹೆಸರು ಹಾಕಬೇಕೇನಮ್ಮ?" ಎಂದು ಕೇಳಿ, ಯಂತ್ರದಿಂದ ಗರ್ರೆಂದು ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾರಷ್ಟೆ. ನನ್ನ ತಾಯಿಯ ಹಿತ್ತಾಳೆ ಬಿಂದಿಗೆಯ ಮೇಲೆ ಅವರ ಹೆಸರಿನ ಮೂರಕ್ಷರವಿದೆ; ಮದುವೆಯಲ್ಲಿ ತಾತ ಉಳಿಯಿಂದ ಹೊಡೆಸಿದ್ದು. ಅಮ್ಮ ಓದಿದ್ದು ಮೂರನೆಯ ತರಗತಿ. ಊರಿನಲ್ಲಿ ಮದುವೆ, ಮುಂಜಿ, ದೇವರ ಕಾರ್ಯವೆಂದರೆ ಹತ್ತು ಮನೆಯ ಪಾತ್ರೆಗಳು ಒಂದೆಡೆ ಸೇರುತ್ತಿದ್ದವು. ಕೆಲಸ ಮುಗಿದ ಮೇಲೆ ಬೆರಳಿನಿಂದ ಆ ಮೂರಕ್ಷರ ಸವರಿ, "ಇದು ನಮ್ಮದು" ಎಂದು ಎತ್ತಿಕೊಳ್ಳುತ್ತಿದ್ದರು. ಪಕ್ಕದ ಮನೆಯವರದು ತಮಿಳಿನಲ್ಲಿ, ಎದುರು ಮನೆಯವರದು ತೆಲುಗಿನಲ್ಲಿ. ಅಮ್ಮನಿಗೆ ಆ ಅಕ್ಷರಗಳು ಬಾರದಿದ್ದರೂ ಯಾವುದು ಯಾರದೆಂದು ತಪ್ಪುತ್ತಿರಲಿಲ್ಲ. ಹೊಸೂರು, ಡೆಂಕಣಿಕೋಟೆ, ಕೆಲಮಂಗಲದ ಕಡೆಯ ಮನೆಗಳಲ್ಲಿ ಈ ಮೂರು ಲಿಪಿಯ ಪಾತ್ರೆಗಳು ಒಂದೇ ಒಲೆಯ ಮೇಲೆ ಕೂತದ್ದನ್ನು ನೀವೂ ನೋಡಿರುತ್ತೀರಿ.

ಇಂತಹ ಹೆಸರುಗಳು ಕೀಳಡಿಯೊಂದರಲ್ಲೇ ಸಿಕ್ಕಿಲ್ಲ. ಈರೋಡು ಜಿಲ್ಲೆಯಲ್ಲಿ ನೊಯ್ಯಲ್ ನದಿಯ ದಡದ ಕೊಡುಮಣಲ್ ಎಂಬ ಊರಿನಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು 1985ರಿಂದ ಅಗೆದಾಗ ಅನೇಕ ಚೂರುಗಳು ದೊರೆತವು. ಕಬ್ಬಿಣ ಕರಗಿಸುವವರು, ಹರಳು ಕೊರೆದು ಮಣಿ ಮಾಡುವವರು ಇದ್ದ ಊರು ಅದು. ಅಲ್ಲಿ ಕಣ್ಣನ್ ಆದನ್ ಇದ್ದಾನೆ, ಪಣ್ಣನ್ ಇದ್ದಾನೆ, ಸುಮನನ್ ಇದ್ದಾನೆ. ಇವರಲ್ಲಿ ಸುಮನ ಎಂಬುದು ಉತ್ತರದ ಹೆಸರು. ಕೀಳಡಿಯ ಕುವಿರನ್ ಕೂಡ ಹಾಗೆಯೇ. ಸಂಸ್ಕೃತದ ಕುಬೇರ, ಪ್ರಾಕೃತದಲ್ಲಿ ಕುಬಿರನಾಗಿ, ತಮಿಳಿನ ಬಾಯಲ್ಲಿ ಕುವಿರನ್ ಆಗಿದ್ದಾನೆಂದು ವಿದ್ವಾಂಸರ ಅಭಿಪ್ರಾಯ. ಇನ್ನೂ ದೂರ ಹೋದರೆ ಈಜಿಪ್ಟಿನಲ್ಲಿ, ಕೆಂಪು ಸಮುದ್ರದ ದಡದ ಕುಸೇರ್ ಅಲ್ ಕದೀಮ್ ಎಂಬ ಹಳೆಯ ಬಂದರಿನಲ್ಲಿ, ಕಣನ್, ಚಾತನ್ ಎಂಬ ಹೆಸರಿನ ಚೂರುಗಳು ಸಿಕ್ಕಿವೆ. ಹಡಗು ಹತ್ತಿದವರು ಮೆಣಸಿನ ಜೊತೆಗೆ ತಮ್ಮ ಅಕ್ಷರವನ್ನೂ ಒಯ್ದಿದ್ದರು.

ನಮ್ಮ ಕನ್ನಡನಾಡಿನ ಕಡೆ ಏನಿದೆ ಎಂದು ನೀವು ಕೇಳಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಎಂಬವರು ಅಗೆದಾಗ ಬೃಹತ್ ಶಿಲಾ ಸಮಾಧಿಗಳ ಕಪ್ಪು-ಕೆಂಪು ಮಡಕೆಗಳ ಮೇಲೆ ಗೀರು ಗುರುತುಗಳು ಕಂಡವು. ಅವು ಅಕ್ಷರಗಳಲ್ಲ, ಮನೆಯ ಅಥವಾ ಕುಲದ ಗುರುತುಗಳಿರಬಹುದು. ಹೆಸರು ಅಲ್ಲಿ ದೊರೆಯುವುದು ಮಡಕೆಯ ಮೇಲಲ್ಲ, ಬಂಡೆಯ ಮೇಲೆ. ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡ ಎಂಬವನು ತನ್ನ ಹೆಸರನ್ನು ಸೇರಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಚಕ್ರವರ್ತಿಯ ಧರ್ಮವನ್ನು ದೂರದ ನಾಡಿನಲ್ಲಿ ಸಾರುವ ಕೆಲಸದ ನಡುವೆ, ತನಗೆ ಮೊದಲಿಂದ ಬಂದ ಅಕ್ಷರವನ್ನು ಒಂದು ಮಾತಿನಷ್ಟಾದರೂ ಬರೆಯಬೇಕೆಂದು ಅವನಿಗೆ ಅನಿಸಿತು. ಗಡಿಯಲ್ಲಿರುವ ನಮಗೆ ಆ ಮನಸ್ಸು ಅರ್ಥವಾಗದೆ ಇರದು.

ನಮ್ಮ ಜಿಲ್ಲೆಯೂ ಬಡವಾಗಿಲ್ಲ. ಬರಗೂರಿನ ಕಡೆಯ ಮಯಿಲಾಡುಂಪಾರೈಯಲ್ಲಿ ದೊರೆತ ಕಬ್ಬಿಣದ ಕಾಲ ಕ್ರಿಸ್ತಪೂರ್ವ 2172 ಎಂದು 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಕಪ್ಪು-ಕೆಂಪು ಮಡಕೆಯೂ ಅಷ್ಟು ಹಿಂದೆಯೇ, ನವಶಿಲಾಯುಗದ ಕೊನೆಯಲ್ಲೇ, ಅಲ್ಲಿ ಬಳಕೆಗೆ ಬಂದಿತ್ತೆಂದು ತಿಳಿದುಬಂತು. ನೀವು ಕುಂಟಾಬಿಲ್ಲೆಗೆ ಆಯ್ದುಕೊಳ್ಳುವ ಬೋಕಿ ನಾಲ್ಕು ಸಾವಿರ ವರ್ಷದ್ದಾಗಿರಲೂಬಹುದು!

ಇನ್ನು ಒಂದೇ ಒಂದು ದೂರದ ಊರಿನ ಮಾತು ಹೇಳಿ ಮನೆಗೆ ಮರಳುತ್ತೇನೆ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಲಾ ಗ್ರೌಫಸಾಂಕ್ ಎಂಬ ಸ್ಥಳವಿದೆ. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಅದು ಕುಂಬಾರರ ದೊಡ್ಡ ಕೇರಿ. ಅಲ್ಲಿಯ ಕೆಂಪು ತಟ್ಟೆ ಬಟ್ಟಲುಗಳು ರೋಮ್ ಸಾಮ್ರಾಜ್ಯದ ಉದ್ದಗಲಕ್ಕೂ ಹೋಗುತ್ತಿದ್ದವು. ಹಲವರ ಸರಕನ್ನು ಒಂದೇ ಆವಿಗೆಯಲ್ಲಿ ಸುಡುತ್ತಿದ್ದುದರಿಂದ ಯಾರದು ಎಷ್ಟು ಎಂಬ ಲೆಕ್ಕವನ್ನು ಹಸಿ ತಟ್ಟೆಯ ಮೇಲೆ ಗೀರಿ, ಆ ತಟ್ಟೆಯನ್ನೂ ಜೊತೆಗೇ ಸುಡುತ್ತಿದ್ದರು. ಆ ಕುಂಬಾರರು ಕೆಲ್ಟ್ ಜನಾಂಗದ ಗಾಲ್ ಜನ. ಆಳುವವರ ಭಾಷೆ ಲ್ಯಾಟಿನ್, ಲಿಪಿಯೂ ಅದರದೇ. ಆದರೆ ಲೆಕ್ಕವನ್ನು ತಮ್ಮ ನುಡಿಯಲ್ಲಿ ಬರೆದರು. ಮೂರನೆಯದಕ್ಕೆ ತ್ರಿತೊಸ್, ಐದನೆಯದಕ್ಕೆ ಪಿಂಪೆತೊಸ್, ಹತ್ತನೆಯದಕ್ಕೆ ದೆಕಮೆತೊಸ್ ಎಂದಿದೆ. ಸಂಸ್ಕೃತದ ತೃತೀಯ, ಪಂಚಮ, ದಶಮಗಳ ದೂರದ ದಾಯಾದಿಗಳು ಇವು. ಲ್ಯಾಟಿನ್ನಿನ ಅಲ್ಬಾನುಸ್ ಎಂಬ ಹೆಸರು ಅವರ ಕೈಯಲ್ಲಿ ಅಲ್ಬಾನೊಸ್ ಆಯಿತು, ನಮ್ಮ ಕುಬೇರ ಕುವಿರನಾದ ಹಾಗೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಕೀಳಡಿಯ ಆದನ್ ಬರೆದ ನುಡಿ ಇಂದಿಗೂ ಕೋಟ್ಯಂತರ ಜನರ ಬಾಯಲ್ಲಿದೆ. ಗಾಲ್ ಕುಂಬಾರರ ನುಡಿ ಕೆಲವು ಶತಮಾನಗಳಲ್ಲಿ ಆಡುವವರಿಲ್ಲದೆ ಹೋಯಿತು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಬೇರೆ ಮಾತನ್ನೇ ತಾಯಿನುಡಿ ಮಾಡಿಕೊಂಡರು. ಇಂದು ವಿದ್ವಾಂಸರು ಆ ತಟ್ಟೆಗಳನ್ನು ಹಿಡಿದು ಒಂದೊಂದು ಮಾತನ್ನೂ ಕಷ್ಟಪಟ್ಟು ಕೂಡಿಸಿಕೊಳ್ಳುತ್ತಿದ್ದಾರೆ. ಯಾರೂ ಆ ನುಡಿಯನ್ನು ಕತ್ತಿ ಹಿಡಿದು ಕೊಲ್ಲಲಿಲ್ಲ. ಮನೆಯಲ್ಲಿ ಆಡುವುದೂ ಲೆಕ್ಕದಲ್ಲಿ ಬರೆಯುವುದೂ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಯಿತು, ಅಷ್ಟೆ. ನಮ್ಮ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿರುವುದನ್ನು ನೋಡುವ ನನಗೆ ಈ ಮಾತು ಎದೆಗೆ ತಟ್ಟಿತು.

ತಮಿಳಿನ ಮೇಲೆ ನನಗೆ ಮುನಿಸಿಲ್ಲ. ನಾನು ಎರಡು ನುಡಿಗಳಲ್ಲಿ ಓದಿ ಬೆಳೆದವನು. 2006ರ ಕಾಯಿದೆಯ ತರುವಾಯ ನೀವೂ ಶಾಲೆಯಲ್ಲಿ ತಮಿಳು ಕಲಿಯುತ್ತಿದ್ದೀರಿ, ಕಲಿಯಲೇಬೇಕು. ಹಳಗನ್ನಡದಲ್ಲಿದ್ದ 'ೞ' ಅಕ್ಷರವನ್ನು ನಾವು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಅದರ ಉಚ್ಚಾರ ಕೇಳಬೇಕಾದರೆ ನೀವು ನಿಮ್ಮ ತಮಿಳು ಗೆಳೆಯನನ್ನೇ ಕೇಳಬೇಕು. ತಮಿಳು ಬರಹದಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ನಿಮ್ಮ ಪಡಿತರ ಚೀಟಿಯಲ್ಲಿ ಗಂಗಮ್ಮ ಕಂಕಮ್ಮನಂತೆ ಕಂಡರೆ ಕೊರಗಬೇಡಿ; ಕುಬೇರನಿಗೇ ತಪ್ಪಲಿಲ್ಲ. ಬೇರೆಯವರು ನಮ್ಮ ಹೆಸರನ್ನು ಅವರ ಅಕ್ಷರದಲ್ಲಿ ಹೇಗಾದರೂ ಬರೆಯಲಿ. ನಮ್ಮ ಅಕ್ಷರದಲ್ಲಿ ನಾವು ಬರೆಯುವುದನ್ನು ಬಿಡಬಾರದು. ನಾನು ಹೇಳಬೇಕೆಂದಿರುವುದು ಇಷ್ಟೇ.

ಪ್ರವಾಸದಿಂದ ಬಂದ ಮರುದಿನವೇ ಜಗಲಿಗೆ ಹೋಗಿ ನೋಡಿದೆ. ಮಡಕೆ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಶಾಲೆ ತೊಳೆಯುವಾಗ ಕೈಜಾರಿ ಒಡೆಯಿತಂತೆ. ಚೂರುಗಳನ್ನು ಆಯ್ದು, ಜೂನಿನಲ್ಲಿ ತೆಂಗಿನ ಸಸಿ ನೆಡಲು ತೋಡಿದ ಗುಂಡಿಯ ತಳಕ್ಕೆ ಹಾಕಿದರಂತೆ. ಗಾದೆಯ ದೊಣ್ಣೆ ತನ್ನ ಕೆಲಸ ಮಾಡಿತ್ತು.

ಆ ವರ್ಷದ ಯುಗಾದಿಗೆ ಅಜ್ಜಿಯ ಮನೆಗೆ ಬಂದಿದ್ದ ಹುಡುಗ ನನ್ನನ್ನು ನೋಡಲು ಬಂದ. ಕೈಯಲ್ಲಿ ಬೇವು ಬೆಲ್ಲದ ಪೊಟ್ಟಣ. ಎತ್ತರವಾಗಿದ್ದ. ಕೂಡಿಸಿಕೊಂಡು, ಅಂದು ಕೇಳಬೇಕಾಗಿದ್ದ ಪ್ರಶ್ನೆಯನ್ನು ಒಂದು ವರ್ಷ ತಡವಾಗಿ ಕೇಳಿದೆ: "ಮಡಕೆಯ ಮೇಲೆ ಏಕೆ ಬರೆದೆ ಮಗು?"

ಅವನು ನಾಚಿಕೊಂಡ. "ಊರು ಬಿಡ್ತೀವಿ ಅಂತ ಅಪ್ಪ ಹೇಳಿದ್ರು ಸಾರ್. ಅಲ್ಲಿ ಹೋದ್ರೆ ಕನ್ನಡದಲ್ಲಿ ಹೆಸರು ಬರಿಯೋಕೆ ಜಾಗ ಇರಲ್ಲ ಅನ್ನಿಸ್ತು. ಬೆಂಚಿನ ಮೇಲೆ ಬರೆದ್ರೆ ಬಣ್ಣ ಹೊಡೀತಾರೆ. ಮಡಕೆ ಆದ್ರೆ ದಿನಾ ಎಲ್ಲರೂ ನೀರು ಕುಡಿಯೋಕೆ ಬರ್ತಾರಲ್ಲ, ನೋಡ್ತಾರೆ ಅಂತ."

ನನಗೆ ತಕ್ಷಣ ಮಾತು ಹೊರಡಲಿಲ್ಲ. ಆಮೇಲೆ, "ಅಂದು ನಾನು ಗದರಿದ್ದು ತಪ್ಪು" ಎಂದೆ. "ಪರವಾಗಿಲ್ಲ ಸಾರ್" ಎಂದ. ಅವನಿಗೆ ಆದನ್, ಕುವಿರನ್, ಚಪಡರ ಕತೆ ಹೇಳಿದೆ. ಕಣ್ಣರಳಿಸಿ ಕೇಳಿದ. "ನಮ್ಮ ಮಡಕೆ ಇದೆಯಾ ಸಾರ್?" ಎಂದ. ಕರೆದುಕೊಂಡು ಹೋಗಿ ಮೊಣಕಾಲೆತ್ತರದ ತೆಂಗಿನ ಸಸಿಯನ್ನು ತೋರಿಸಿದೆ. ಅದರ ಬುಡವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, "ಹಾಗಾದ್ರೆ ಭದ್ರವಾಗಿದೆ" ಎಂದ. ಈಗ ಹೊಸ ಶಾಲೆಯಲ್ಲಿ ಪುಸ್ತಕದ ಹೊರಗೆ ತಮಿಳಿನಲ್ಲೂ, ಒಳಪುಟದಲ್ಲಿ ಕನ್ನಡದಲ್ಲೂ ಹೆಸರು ಬರೆಯುತ್ತಾನಂತೆ. ಅವನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅವನೇ ಬರೆದಿದ್ದಾನೆ, ಅದೇ ಸಾಕು.

ವಿದ್ಯಾರ್ಥಿ ಮಿತ್ರರೇ, ಇದನ್ನು ಓದಿ ನಾಳೆಯೇ ಕೈವಾರ ಹಿಡಿದು ಬೆಂಚುಗಳ ಮೇಲೆ ಬೀಳಬೇಡಿ. ನಮ್ಮ ಜಿಲ್ಲೆಯ ತುಂಬ ವೀರಗಲ್ಲುಗಳಿವೆ. ಅವುಗಳ ಮೇಲೆ ಗೀರುವುದು, ಬಣ್ಣ ಬಳಿಯುವುದು ಎಂದರೆ ಇನ್ನೊಬ್ಬರ ಹೆಸರನ್ನು ಅಳಿಸಿದಂತೆ. ಆದನ್ ಗೀರಿದ್ದು ತನ್ನ ಮಡಕೆಯ ಮೇಲೆ. ನಿಮಗೆ ನಿಮ್ಮ ಪುಸ್ತಕವಿದೆ, ಬುತ್ತಿಯ ಡಬ್ಬಿಯಿದೆ, ಮನೆಯ ಪಾತ್ರೆಯಿದೆ. ಅಲ್ಲಿ ಬರೆಯಿರಿ, ದುಂಡಾಗಿ ಬರೆಯಿರಿ. ಈಗ ನಮ್ಮ ತರಗತಿಯಲ್ಲಿ ವರ್ಷದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಹೆಸರನ್ನು ಕರಿಹಲಗೆಯ ಮೇಲೆ ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ಕೊನೆಗೆ ಬ್ರಾಹ್ಮಿಯಲ್ಲಿ ಬರೆಯುತ್ತಾರೆ. ಬ್ರಾಹ್ಮಿಯ 'ಕ' ಕೂಡುವ ಚಿಹ್ನೆಯಂತೆ, 'ರ' ನೆಟ್ಟಗಿನ ಗೆರೆಯಂತೆ, ಕಲಿಯುವುದು ಕಷ್ಟವಲ್ಲ. ಕನ್ನಡಕ್ಕೂ ತಮಿಳಿಗೂ ಹಿರಿಯಜ್ಜಿ ಒಬ್ಬಳೇ ಎಂಬುದು ಆಗ ಬಾಯಿಪಾಠ ಮಾಡದೆಯೇ ತಿಳಿಯುತ್ತದೆ.

ಪೋಷಕರಲ್ಲಿಯೂ ಒಂದು ಬಿನ್ನಹ. ಮುಂದಿನ ಸಲ ಪಾತ್ರೆ ಅಂಗಡಿಯಲ್ಲಿ "ಹೆಸರು ಹಾಕಬೇಕೇ?" ಎಂದು ಕೇಳಿದರೆ, ಬೇಡವೆನ್ನಬೇಡಿ. ನಿಮ್ಮ ಮಗುವಿನ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಆ ಚೀಟಿಯನ್ನು ನಿಮ್ಮ ಮಗುವಿನ ಕೈಯಿಂದಲೇ ಬರೆಸಿ.